ಬಳ್ಳಾರಿಗಿಂತ ಚಿಕ್ಕ ದೇಶ, ಜರ್ಮನಿಯನ್ನ ಸೋಲ್ಸಿದ ಹುಡುಗೀರು

ಎಲ್ರಿಗೂ ನಮಸ್ಕಾರ. ಹಿಂದೆ ಕೂತಿರೋರಿಗೆ ಕೇಳಿಸ್ತಿದ್ಯಾ? ಸರಿ, ಶುರು ಮಾಡೋಣ.

ಐಸ್‌ಲ್ಯಾಂಡ್ ಫುಟ್‌ಬಾಲ್ ಅಂದ ತಕ್ಷಣ ಇಲ್ಲಿರೋ ಮುಕ್ಕಾಲು ಜನಕ್ಕೆ ನೆನಪಾಗೋದು 2016. ಯೂರೋ ಕಪ್, ಅಂದ್ರೆ ಯುರೋಪ್ ದೇಶಗಳ ಟೂರ್ನಮೆಂಟ್‌ನಲ್ಲಿ ಇಂಗ್ಲೆಂಡ್‌ನ ಸೋಲ್ಸಿ ಮನೆಗೆ ಕಳಿಸಿದ್ರಲ್ಲ, ಗ್ಯಾಲರಿಲಿ ಜನ ಎರಡೂ ಕೈ ಮೇಲೆತ್ತಿ ಒಟ್ಟಿಗೆ ಚಪ್ಪಾಳೆ ಹೊಡೀತಾ 'ಹೂ' ಅಂತ ಕೂಗ್ತಿದ್ರಲ್ಲ, ಆ ವಿಡಿಯೋ ವಾಟ್ಸಾಪ್‌ನಲ್ಲಿ ಎಷ್ಟು ಸಲ ಬಂದಿದ್ಯೋ ಏನೋ. ಅದು ಗಂಡಸರ ಟೀಮು. ನಾನು ಇವತ್ತು ಮಾತಾಡ್ತಿರೋದು ಅವ್ರಿಗಿಂತ ಏಳು ವರ್ಷ ಮುಂಚೇನೇ, 2009ರಲ್ಲೇ, ಯೂರೋಗೆ ಹೋಗಿದ್ದ ಹೆಂಗಸರ ಟೀಮ್ ಬಗ್ಗೆ. ಅವ್ರು 2009, 2013, 2017, 2022, 2025 ಅಂತ ಸತತವಾಗಿ ಐದು ಯೂರೋ ಆಡಿದಾರೆ, ಗಂಡಸರು ಇಲ್ಲೀವರೆಗೆ ಆಡಿರೋದು ಒಂದೇ ಒಂದು ಯೂರೋ, ಒಂದು ವರ್ಲ್ಡ್ ಕಪ್. ಆದ್ರೆ ಪವಾಡ ಅಂತ ಬರೆದಿದ್ದೆಲ್ಲ ಯಾರ ಬಗ್ಗೆ ಅಂತ ನಿಮಗೇ ಗೊತ್ತು.

ಮೊದ್ಲು ದೇಶದ ಸೈಜ್ ಹೇಳ್ಬಿಡ್ತೀನಿ. ಇಡೀ ಐಸ್‌ಲ್ಯಾಂಡ್‌ನ ಜನಸಂಖ್ಯೆ ನಾಲ್ಕು ಲಕ್ಷ ಮುಟ್ಟಿಲ್ಲ, 2011ರ ಸೆನ್ಸಸ್‌ನಲ್ಲಿ ನಮ್ಮ ಬಳ್ಳಾರಿ ಸಿಟಿ ಒಂದರಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ರು. ಅದ್ರಲ್ಲಿ ಅರ್ಧ ಹೆಂಗಸರು, ಅದ್ರಲ್ಲಿ ಆಡೋ ವಯಸ್ಸಿನವರು, ಅದ್ರಲ್ಲಿ ಫುಟ್‌ಬಾಲ್ ಆಡೋರು ಅಂತ ಕಳೀತಾ ಹೋದ್ರೆ ಉಳಿಯೋದು ಕೆಲವೇ ಸಾವಿರ. ಅಷ್ಟರಲ್ಲಿ ಆರಿಸಿದ ಟೀಮು 2024ರಲ್ಲಿ ಫೀಫಾ ರ‍್ಯಾಂಕಿಂಗ್‌ನ ಮೊದಲ ಹದಿನೈದರ ಒಳಗಿತ್ತು.

ಇನ್ನೊಂದು ಮಾತು, ಆಟಗಾರ್ತಿಯರನ್ನ ನಾನು ಮೊದಲ ಹೆಸರಲ್ಲೇ ಕರೀತೀನಿ, ಅಲ್ಲಿನವರೂ ಹಾಗೇ ಕರೆಯೋದು, ಪ್ರೆಸಿಡೆಂಟ್‌ನೂ ಸೇರಿಸಿ. ಅಗೌರವ ಅಂದ್ಕೋಬೇಡಿ.

ಈಗ ಇತಿಹಾಸ ಸ್ವಲ್ಪ, ಬೇಗ ಮುಗಿಸ್ತೀನಿ. ಹೆಂಗಸರ ಲೀಗ್ ಅಲ್ಲಿ ಶುರುವಾಗಿದ್ದು 1972ರಲ್ಲಿ. ದೇಶದ ಟೀಮ್ ಮೊದಲ ಮ್ಯಾಚ್ ಆಡಿದ್ದು 1981ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್‌ಲೆಂಡ್ ಮೇಲೆ, 3-2 ಅಂತರದಲ್ಲಿ ಸೋತ್ರು. ಈ ಎರಡರ ಮಧ್ಯೆ 1975ರ ಅಕ್ಟೋಬರ್ 24 ಬರುತ್ತೆ, ಅವತ್ತು ಐಸ್‌ಲ್ಯಾಂಡ್‌ನ ನೂರಕ್ಕೆ ತೊಂಬತ್ತು ಹೆಂಗಸರು ಆಫೀಸ್ ಕೆಲಸಾನೂ ಮಾಡ್ಲಿಲ್ಲ, ಮನೆ ಕೆಲಸಾನೂ ಮಾಡ್ಲಿಲ್ಲ, ಅಡುಗೆ ಇಲ್ಲ, ಮಕ್ಕಳನ್ನ ಗಂಡಂದಿರ ಕೈಗೆ ಕೊಟ್ಟು ಬೀದಿಗೆ ಬಂದ್ರು. ಐದು ವರ್ಷ ಆದ್ಮೇಲೆ ವಿಗ್ದಿಸ್ ಫಿನ್ನ್‌ಬೋಗಾದೋತ್ತಿರ್ ಅನ್ನೋರು ಜನರ ಓಟಿಂದ ಪ್ರೆಸಿಡೆಂಟ್ ಆದ್ರು, ಜಗತ್ತಲ್ಲೇ ಚುನಾವಣೆ ಗೆದ್ದು ಆ ಕುರ್ಚಿಗೆ ಬಂದ ಮೊದಲ ಮಹಿಳೆ ಅವ್ರು. ಹಾಗಂತ ಫುಟ್‌ಬಾಲ್‌ನಲ್ಲಿ ಎಲ್ಲ ತಾನಾಗೇ ಸರಿಹೋಯ್ತು ಅಂದ್ಕೋಬೇಡಿ. 80ರ ದಶಕದ ಕೊನೇಲಿ ಕೆಲವು ವರ್ಷ ಹೆಂಗಸರ ನ್ಯಾಷನಲ್ ಟೀಮ್ ಒಂದೂ ಮ್ಯಾಚ್ ಆಡ್ಲಿಲ್ಲ, ಮತ್ತೆ ಶುರುವಾಗಿದ್ದು 1992ರಲ್ಲಿ. ಮಹಿಳಾ ಪ್ರೆಸಿಡೆಂಟ್ ಇದ್ದ ದೇಶದಲ್ಲೇ ಮಹಿಳಾ ಟೀಮ್ ಇಲ್ಲದ ಕಾಲ ಇತ್ತು ಅನ್ನೋದು ನನಗೆ ಯಾವತ್ತೂ ಅರಗಲ್ಲ. ಆದ್ರೆ ವಾಪಸ್ ಬಂದವರು ಎರಡೇ ವರ್ಷದಲ್ಲಿ ಯೂರೋದ ಕ್ವಾರ್ಟರ್ ಫೈನಲ್ ಸುತ್ತಿಗೆ (ಆಗ ಅದು ಅರ್ಹತಾ ಹಂತದಲ್ಲೇ ನಡೀತಿತ್ತು) ಬಂದು ಇಂಗ್ಲೆಂಡ್ ಜೊತೆ ಆಡಿದ್ರು, ಎರಡೂ ಮ್ಯಾಚ್ 2-1ರಲ್ಲಿ ಸೋತ್ರು, ಅಂದ್ರೆ ಟ್ಯಾಲೆಂಟ್ ಮೊದಲಿಂದಾನೂ ಇತ್ತು.

ನನ್ನ ಪ್ರಕಾರ ನಿಜವಾದ ಕಥೆ ಇರೋದು ಊರೂರ ಗ್ರೌಂಡ್‌ಗಳಲ್ಲಿ. ರಾಜಧಾನಿ ರೇಕ್ಯಾವಿಕ್‌ನಲ್ಲಿ ಡಿಸೆಂಬರ್‌ನಲ್ಲಿ ಬೆಳಕು ಇರೋದು ದಿನಕ್ಕೆ ನಾಲ್ಕು ಗಂಟೆ ಆಸುಪಾಸು, ಗಾಳಿ ಅಂದ್ರೆ ಬಾಲ್ ನಿಲ್ಸಿದ ಜಾಗದಲ್ಲಿ ನಿಲ್ಲಲ್ಲ. ಮೊದ್ಲೆಲ್ಲ ಚಳಿಗಾಲದಲ್ಲಿ ಜಲ್ಲಿಕಲ್ಲಿನ ಗ್ರೌಂಡ್‌ನಲ್ಲಿ ಪ್ರಾಕ್ಟೀಸ್ ಮಾಡ್ತಿದ್ರು, ಬಿದ್ರೆ ಮಂಡಿ ಚರ್ಮ ಕಿತ್ಕೊಂಡು ಬರ್ತಿತ್ತು. 2000ರಲ್ಲಿ ಕೆಫ್ಲಾವಿಕ್ ಹತ್ರ ಮೊದಲ ಫುಲ್ ಸೈಜ್ ಇನ್‌ಡೋರ್ ಹಾಲ್ ಬಂತು, ಮೇಲೆ ಛಾವಣಿ, ಕೆಳಗೆ ಆರ್ಟಿಫಿಷಿಯಲ್ ಟರ್ಫ್. ಆಮೇಲೆ ಒಂದೊಂದೇ ಊರಲ್ಲಿ ಕಟ್ಟಿದ್ರು. ಜೊತೆಗೆ ಫುಟ್‌ಬಾಲ್ ಸಂಸ್ಥೆ, ಅದನ್ನ ಅವ್ರು ಕೆ.ಎಸ್.ಐ ಅಂತಾರೆ, ಸ್ಕೂಲ್‌ಗಳ ಪಕ್ಕ ಪುಟ್ಟ ಪುಟ್ಟ ಟರ್ಫ್ ಹಾಕಿಸ್ತು, ನೂರಕ್ಕೂ ಹೆಚ್ಚು. ಗೇಟಿಗೆ ಬೀಗ ಹಾಕಲ್ಲ, ಸ್ಕೂಲ್ ಬಿಟ್ಟ ಮೇಲೆ ಯಾರು ಬೇಕಾದ್ರೂ ಆಡ್ಬಹುದು. ಮೂರನೇ ಸಂಗತಿ ಕೋಚ್‌ಗಳು. ಆರೇಳು ವರ್ಷದ ಮಗುವಿಗೆ ಕಲಿಸೋರಿಗೂ ಸಂಬಳ, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಯೆಫಾ ಕೊಡೋ ಲೈಸೆನ್ಸ್ ಇರೋ ಕೋಚ್‌ಗಳು ಇಷ್ಟು ಚಿಕ್ಕ ದೇಶದಲ್ಲಿ ನೂರಾರು ಜನ.

ಇದೆಲ್ಲ ಗಂಡಸರ ಟೀಮ್ ಕಥೇಲೂ ಹೇಳ್ತಾರೆ ಅಂತ ನೀವು ಕೇಳ್ಬಹುದು, ಹೌದು ಹೇಳ್ತಾರೆ. ಆದ್ರೆ ಅವ್ರು ಬಿಟ್ಬಿಡೋ ಮಾತು ಒಂದಿದೆ, ನಾನು ಇವತ್ತು ಇಲ್ಲಿಗೆ ಬಂದಿರೋದೇ ಅದನ್ನ ಹೇಳೋಕೆ. ಅಲ್ಲಿ ಹೆಣ್ಣುಮಕ್ಕಳಿಗೆ ಅಂತ ಬೇರೆ ಅಕಾಡೆಮಿ, ಬೇರೆ ಮೂಲೆ, ಬೇರೆ ಟೈಮ್ ಅಂತ ಇಟ್ಟಿಲ್ಲ. ಊರಿನ ಕ್ಲಬ್ ಒಂದೇ, ಗ್ರೌಂಡ್ ಒಂದೇ, ಜರ್ಸಿ ಬಣ್ಣ ಒಂದೇ, ಅಣ್ಣ ಆಡೋ ಕ್ಲಬ್‌ನಲ್ಲೇ ತಂಗೀನೂ ಆಡ್ತಾಳೆ. ಕೋಪವೋಗುರ್ ಅನ್ನೋ ಊರಲ್ಲಿ ಬ್ರೇಯ್ದಾಬ್ಲಿಕ್ ಕ್ಲಬ್‌ನವರು ಪ್ರತಿ ಜುಲೈಲಿ ಬರೀ ಹುಡುಗೀರಿಗೆ ಅಂತಾನೇ ಒಂದು ಟೂರ್ನಮೆಂಟ್ ಮಾಡ್ತಾರೆ, ದೇಶದ ಮೂಲೆ ಮೂಲೆಯಿಂದ ಚಿಕ್ಕ ಚಿಕ್ಕ ಹುಡುಗೀರು ಬರ್ತಾರೆ, ಅಪ್ಪ ಅಮ್ಮ ಗ್ರೌಂಡ್ ಸುತ್ತ ನಿಂತು ಕೂಗ್ತಿರ್ತಾರೆ. ಗಂಡಸರ ಟೀಮ್‌ನ ಕೋಚ್ ಹೇಮಿರ್ ಹಲ್‌ಗ್ರಿಮ್ಸನ್ ಹಲ್ಲಿನ ಡಾಕ್ಟರ್ ಅಂತ 2016ರಲ್ಲಿ ಎಲ್ಲ ಪೇಪರ್‌ನವರೂ ಬರೆದ್ರಲ್ಲ, ಅದೇ ಮನುಷ್ಯ ಅದಕ್ಕೆ ಮುಂಚೆ ತಮ್ಮ ದ್ವೀಪದ ಕ್ಲಬ್‌ನಲ್ಲಿ ಹೆಂಗಸರ ಟೀಮ್‌ಗೂ ಕೋಚ್ ಆಗಿದ್ರು. ಇನ್ನು ಹಿಂದೆ ಹೆಂಗಸರ ಟೀಮ್‌ನ ಕ್ಯಾಪ್ಟನ್ ಆಗಿದ್ದ ಕತ್ರಿನ್ ಯೋನ್ಸ್‌ದೋತ್ತಿರ್ ಇದಾರಲ್ಲ, 130ಕ್ಕೂ ಹೆಚ್ಚು ಮ್ಯಾಚ್ ಆಡಿದವರು, ಅವ್ರೂ ಡಾಕ್ಟರೇ, ಪೂರ್ತಿ ಎಂ.ಬಿ.ಬಿ.ಎಸ್ ಲೆವೆಲ್ ಡಾಕ್ಟರ್. ಅದನ್ನ ಯಾರೂ ಹೆಡ್‌ಲೈನ್ ಮಾಡ್ಲಿಲ್ಲ ಬಿಡಿ.

ಈಗ ಒಂದು ಮ್ಯಾಚ್ ಬಗ್ಗೆ ನಿಧಾನವಾಗಿ ಹೇಳ್ಬೇಕು. 2008ರ ಅಕ್ಟೋಬರ್. ಆ ತಿಂಗಳ ಮೊದಲ ಭಾಗದಲ್ಲಿ ಒಂದೇ ವಾರದೊಳಗೆ ಐಸ್‌ಲ್ಯಾಂಡ್‌ನ ಮೂರು ದೊಡ್ಡ ಬ್ಯಾಂಕ್‌ಗಳು ಒಂದರ ಹಿಂದೆ ಒಂದು ಮುಳುಗಿದ್ವು, ದೇಶದ ದುಡ್ಡಿಗೆ ಬೆಲೆ ಇಲ್ಲ, ಸಾಲ ತಗೊಂಡೋರು ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ರು. ಅದೇ ತಿಂಗಳ ಕೊನೇಲಿ ಐರ್ಲೆಂಡ್ ಜೊತೆ ಯೂರೋ ಪ್ಲೇ-ಆಫ್, ಅಂದ್ರೆ ಎರಡು ಮ್ಯಾಚ್ ಆಡಿ ಗೆದ್ದವರು ಯೂರೋಗೆ ಹೋಗೋದು. ಡಬ್ಲಿನ್‌ನಲ್ಲಿ 1-1 ಆಗಿತ್ತು, ಎರಡನೇದು ಅಕ್ಟೋಬರ್ 30ಕ್ಕೆ ರೇಕ್ಯಾವಿಕ್‌ನಲ್ಲಿ. ಗ್ರೌಂಡ್ ಹೆಪ್ಪುಗಟ್ಟಿ ಹೋಗಿದೆ, ಹುಲ್ಲಿನ ಮೇಲೆ ಐಸ್, ಕಾಲಿಟ್ರೆ ಜಾರುತ್ತೆ, ಇದ್ರಲ್ಲಿ ಹೆಂಗ್ರೀ ಆಡ್ಸೋದು ಅಂತ ಐರಿಶ್‌ನವರು ತಕರಾರು ತೆಗೆದ್ರು, ನನ್ನ ಕೇಳಿದ್ರೆ ಅವ್ರ ಮಾತಲ್ಲಿ ನ್ಯಾಯ ಇತ್ತು. ಆದ್ರೂ ಆಡ್ಸಿದ್ರು. ಐಸ್‌ಲ್ಯಾಂಡ್ 3-0 ಗೆದ್ದು 2009ರ ಯೂರೋಗೆ ಹೋಯ್ತು, ಆ ದೇಶದ ಸೀನಿಯರ್ ಫುಟ್‌ಬಾಲ್ ಟೀಮೊಂದು ದೊಡ್ಡ ಟೂರ್ನಮೆಂಟ್‌ಗೆ ಹೋಗಿದ್ದು ಅದೇ ಮೊದಲು. ಬ್ಯಾಂಕ್ ಮುಳುಗಿದ ತಿಂಗಳಲ್ಲಿ ಜನಕ್ಕೆ ಸಿಕ್ಕ ಒಂದೇ ಒಳ್ಳೆ ಸುದ್ದಿ ಅದು ಅಂದ್ರೂ ತಪ್ಪಿಲ್ಲ.

ಆ ಯೂರೋದಲ್ಲಿ ಫ್ರಾನ್ಸ್, ನಾರ್ವೆ, ಜರ್ಮನಿ ಇದ್ದ ಗ್ರೂಪು, ಮೂರೂ ಸೋತ್ರು. ನಾಲ್ಕು ವರ್ಷ ಬಿಟ್ಟು ಸ್ವೀಡನ್‌ನಲ್ಲಿ ನಡೆದ ಯೂರೋದಲ್ಲಿ ನಾರ್ವೆ ಜೊತೆ 1-1, ಆ ಗೋಲು ಕೊನೆ ನಿಮಿಷಗಳಲ್ಲಿ ಪೆನಾಲ್ಟಿಯಿಂದ ಬಂದಿದ್ದು, ಹೊಡೆದವರು ಮಾರ್ಗ್ರೆತ್ ಲಾರಾ. ವೆಸ್ಟ್‌ಮನ್ ದ್ವೀಪದವರು ಆಕೆ, 1973ರಲ್ಲಿ ಜ್ವಾಲಾಮುಖಿ ಎದ್ದು ರಾತ್ರೋರಾತ್ರಿ ಊರು ಖಾಲಿ ಮಾಡ್ಸಿದ್ರಲ್ಲ, ಅದೇ ದ್ವೀಪ. 124 ಮ್ಯಾಚ್‌ನಲ್ಲಿ 79 ಗೋಲು, ಯಾವ ದೇಶಕ್ಕೆ ಆಡಿದ್ರೂ ಇದು ದೊಡ್ಡ ಲೆಕ್ಕಾನೇ. ಆಮೇಲೆ ದಾಗ್ನಿ ಹೊಡೆದ ಒಂದು ಗೋಲಿಂದ ನೆದರ್‌ಲ್ಯಾಂಡ್ಸ್‌ನ 1-0 ಸೋಲ್ಸಿ ಕ್ವಾರ್ಟರ್ ಫೈನಲ್ ಸೇರಿದ್ರು, ಅಲ್ಲಿ ಸ್ವೀಡನ್ ಕೈಲಿ 4-0 ಏಟು ತಿಂದ್ರು.

ಸಾರಾ ಬ್ಯೋರ್ಕ್ ಬಗ್ಗೆ ಹೇಳದೆ ಮುಂದೆ ಹೋಗೋಕಾಗಲ್ಲ. ಹದಿನಾರನೇ ವಯಸ್ಸಿಗೆ ದೇಶಕ್ಕೆ ಆಡಿದವರು, 145 ಮ್ಯಾಚ್. ಸ್ವೀಡನ್, ಆಮೇಲೆ ಜರ್ಮನಿಯ ವೋಲ್ಫ್ಸ್‌ಬರ್ಗ್, 2020ರಲ್ಲಿ ಫ್ರಾನ್ಸ್‌ನ ಲಿಯೋನ್. ಲಿಯೋನ್‌ಗೆ ಹೋಗಿ ಎರಡು ತಿಂಗಳಿಗೇ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್, ಎದುರಿಗೆ ಇರೋದು ಮೊನ್ನೆ ಮೊನ್ನೆವರೆಗೂ ತಾನೇ ಆಡ್ತಿದ್ದ ವೋಲ್ಫ್ಸ್‌ಬರ್ಗ್, ಕೊನೇಲಿ ಮೂರನೇ ಗೋಲು ಈಕೆಯದ್ದೇ, 3-1. ಮುಂದಿನ ವರ್ಷ ಆಕೆ ಗರ್ಭಿಣಿ ಆದ್ರು, ಕ್ಲಬ್ ಸಂಬಳ ಪೂರ್ತಿ ಕೊಡ್ಲಿಲ್ಲ. ಸುಮ್ನಿರ್ಲಿಲ್ಲ ಆಕೆ, ಆಟಗಾರರ ಯೂನಿಯನ್ ಫಿಫ್‌ಪ್ರೋ ಜೊತೆ ಸೇರಿ ಫೀಫಾ ಟ್ರಿಬ್ಯೂನಲ್‌ಗೆ ಹೋದ್ರು, 2022ರಲ್ಲಿ ತೀರ್ಪು ಬಂತು, 82 ಸಾವಿರ ಯೂರೋಗಿಂತ ಹೆಚ್ಚು ಬಾಕಿ ಬಡ್ಡಿ ಸಮೇತ ಕೊಡಿ ಅಂತ. ಫೀಫಾ 2021ರಲ್ಲಿ ತಂದ ಹೆರಿಗೆ ನಿಯಮಗಳ ಅಡಿ ಇಂಥ ತೀರ್ಪು ಅದೇ ಮೊದಲು. ನನ್ನ ಕೇಳಿದ್ರೆ ಆ ಫೈನಲ್ ಗೋಲಿಗಿಂತ ಇದು ದೊಡ್ಡದು, ಯಾಕಂದ್ರೆ ಗೋಲು ಒಂದು ರಾತ್ರಿಗೆ ಮುಗೀತು, ಇದು ಇನ್ನು ಯಾವ ದೇಶದ ಹುಡುಗಿ ಕ್ಲಬ್‌ಗೆ ಸೈನ್ ಮಾಡಿದ್ರೂ ಅವಳ ಕಾಂಟ್ರ್ಯಾಕ್ಟ್ ಹಿಂದೆ ನಿಂತಿರುತ್ತೆ.

ದುಡ್ಡಿನ ಮಾತು ಬಂದಿದ್ದಕ್ಕೆ, 2018ರ ಶುರುವಲ್ಲಿ ಕೆ.ಎಸ್.ಐ ಗಂಡಸರಿಗೂ ಹೆಂಗಸರಿಗೂ ಬೋನಸ್ ಸಮ ಮಾಡ್ತು. ಹಾಗಂತ ಸಂಸ್ಥೆ ಏನೂ ಹಾಲಿನಲ್ಲಿ ತೊಳೆದ ಮುತ್ತಲ್ಲ. 2021ರಲ್ಲಿ ಗಂಡಸರ ಟೀಮ್‌ನವರ ಮೇಲೆ ಬಂದ ಲೈಂಗಿಕ ದೌರ್ಜನ್ಯದ ದೂರುಗಳನ್ನ ಮುಚ್ಚಿಟ್ರು ಅನ್ನೋ ಆರೋಪ ಎದ್ದು, ಅಧ್ಯಕ್ಷರು, ಬೋರ್ಡ್ ಎಲ್ಲ ರಾಜೀನಾಮೆ ಕೊಡಬೇಕಾಯ್ತು. ಆಗ ಆ ಕುರ್ಚಿಗೆ ಬಂದವರು ವಾಂಡಾ ಸಿಗುರ್ಗೇರ್ಸ್‌ದೋತ್ತಿರ್, ಹಿಂದೆ ಹೆಂಗಸರ ಟೀಮ್ ಕ್ಯಾಪ್ಟನ್ ಆಗಿದ್ದವರು, ಕೋಚ್ ಆಗಿದ್ದವರು, ಆ ಸಂಸ್ಥೆಯ ಮೊದಲ ಮಹಿಳಾ ಅಧ್ಯಕ್ಷೆ. ಮನೆ ಕೆಟ್ಟಾಗ ಗುಡಿಸೋಕೆ ಹೆಂಗಸನ್ನೇ ಕರೀತಾರೆ ಅಂತ ಯಾರೋ ಮುಂದಿನ ಸಾಲಲ್ಲಿ ಗೊಣಗಿದ್ರು, ಕೇಳಿಸ್ತು ನನಗೆ, ಸುಳ್ಳಲ್ಲ.

2022ರ ಯೂರೋ ಇಂಗ್ಲೆಂಡ್‌ನಲ್ಲಿ. ಐಸ್‌ಲ್ಯಾಂಡ್‌ಗೆ ಮೊದಲ ಎರಡು ಮ್ಯಾಚ್ ಕೊಟ್ಟಿದ್ದು ಮ್ಯಾಂಚೆಸ್ಟರ್ ಸಿಟಿಯ ಅಕಾಡೆಮಿ ಗ್ರೌಂಡ್‌ನಲ್ಲಿ, ಆ ಟೂರ್ನಮೆಂಟ್‌ಗೆ ಅಲ್ಲಿ ಐದು ಸಾವಿರ ಜನಕ್ಕೂ ಜಾಗ ಇರ್ಲಿಲ್ಲ, ಇದು ಅವಮಾನ ಅಂತ ಸಾರಾ ಬಹಿರಂಗವಾಗೇ ಹೇಳಿದ್ರು. ಬೆಲ್ಜಿಯಂ ಜೊತೆ 1-1, ಇಟಲಿ ಜೊತೆ 1-1. ಕೊನೆ ಮ್ಯಾಚ್ ಫ್ರಾನ್ಸ್ ಜೊತೆ, ಒಂದು ನಿಮಿಷ ಆಗೋಕೆ ಮುಂಚೇನೇ ಗೋಲು ತಿಂದ್ರು, ಆಮೇಲೆ ಪೂರ್ತಿ ಮ್ಯಾಚ್ ಒದ್ದಾಡಿ ಇಂಜುರಿ ಟೈಮ್‌ನ ಕೊನೇಲಿ ಪೆನಾಲ್ಟಿ ಸಿಕ್ತು, ದಾಗ್ನಿ ಹೊಡೆದ್ರು, ಅದೂ 1-1. ಒಂದೂ ಮ್ಯಾಚ್ ಸೋಲದೆ ಟೂರ್ನಮೆಂಟ್‌ನಿಂದ ಹೊರಗೆ. ಎರಡು ತಿಂಗಳು ಕಳೀಲಿಲ್ಲ, ಉಟ್ರೆಕ್ಟ್‌ನಲ್ಲಿ ನೆದರ್‌ಲ್ಯಾಂಡ್ಸ್ ಜೊತೆ ಡ್ರಾ ಸಾಕಿತ್ತು ಮೊದಲ ವರ್ಲ್ಡ್ ಕಪ್‌ಗೆ, 93ನೇ ನಿಮಿಷದವರೆಗೂ 0-0 ಇತ್ತು, ಆಗ ಗೋಲು ಹೋಯ್ತು. ಪ್ಲೇ-ಆಫ್‌ನಲ್ಲಿ ಪೋರ್ಚುಗಲ್ ಮೇಲೆ ಹತ್ತು ಜನ ಆಗಿ ಎಕ್ಸ್‌ಟ್ರಾ ಟೈಮ್‌ನಲ್ಲಿ ಕುಸಿದು 4-1. ಐಸ್‌ಲ್ಯಾಂಡ್ ಹೆಂಗಸರು ವರ್ಲ್ಡ್ ಕಪ್‌ನ ಮುಖ್ಯ ಟೂರ್ನಮೆಂಟ್‌ನಲ್ಲಿ ಆಡಿಯೇ ಇಲ್ಲ, ಇದು ಅವ್ರ ಕಥೆಯಲ್ಲಿರೋ ದೊಡ್ಡ ಗಾಯ.

ಈಗಿನ ಟೀಮ್‌ನ ಕ್ಯಾಪ್ಟನ್ ಗ್ಲೋದಿಸ್, ಡಿಫೆಂಡರ್, ಜರ್ಮನಿಯ ಕ್ಲಬ್ ಬಾಯರ್ನ್ ಮ್ಯೂನಿಕ್‌ಗೂ ಕ್ಯಾಪ್ಟನ್ ಆದವರು, ಜಗತ್ತಿನ ಅತ್ಯುತ್ತಮ ಆಟಗಾರ್ತಿಗೆ ಕೊಡೋ ಬ್ಯಾಲನ್ ಡಿ ಓರ್ ಪ್ರಶಸ್ತಿಯ 2024ರ ಪಟ್ಟೀಲಿ 22ನೇ ಸ್ಥಾನ. ಇನ್ನೊಬ್ಬರು ಸ್ವೇಯ್ನ್‌ದಿಸ್, ಕೆಫ್ಲಾವಿಕ್ ಹುಡುಗಿ, ತಾಯಿ ಘಾನಾ ಮೂಲದವರು. ಆಕೆಯ ಥ್ರೋ-ಇನ್ ನೋಡ್ಲೇಬೇಕು ನೀವು. ಬಾಲ್‌ನ ಜರ್ಸಿಗೆ ಒರೆಸಿ, ನಾಲ್ಕು ಹೆಜ್ಜೆ ಹಿಂದೆ ಹೋಗಿ, ಓಡಿ ಬಂದು ಬೆನ್ನನ್ನ ಬಿಲ್ಲಿನ ಥರ ಬಗ್ಗಿಸಿ ಎಸೀತಾಳೆ, ಬಾಲ್ ಸೀದಾ ಗೋಲ್ ಪೋಸ್ಟ್ ಮುಂದೆ ಬೀಳುತ್ತೆ, ಥ್ರೋ ಅನ್ನೋದಕ್ಕಿಂತ ಕಾರ್ನರ್ ಅನ್ನಿ. ಇಷ್ಟು ಕಮ್ಮಿ ಜನ ಇರೋ ಟೀಮ್ ಹೀಗೇ ಬದುಕೋದು, ಮಿಡ್‌ಫೀಲ್ಡ್‌ನಲ್ಲಿ ಸ್ಪೇನ್ ಥರ ಪಾಸ್ ಆಡೋಕಾಗಲ್ಲ, ಕಾರ್ನರ್, ಫ್ರೀ ಕಿಕ್, ಥ್ರೋ, ಎತ್ತರದ ಡಿಫೆಂಡರ್‌ಗಳ ತಲೆ, ಇವೇ ಬಂಡವಾಳ. 2024ರ ಜುಲೈ 12ಕ್ಕೆ ರೇಕ್ಯಾವಿಕ್‌ನಲ್ಲಿ ಜರ್ಮನಿಯನ್ನ 3-0 ಸೋಲ್ಸಿದಾಗ ಮೊದಲ ಗೋಲು ಕಾರ್ನರ್‌ಗೆ ಇಂಗಿಬ್ಯೋರ್ಗ್ ಕೊಟ್ಟ ಹೆಡ್ಡರ್. ಕೊನೇದು ಸ್ವೇಯ್ನ್‌ದಿಸ್‌ದು. ಮರು ತಿಂಗಳು ಅದೇ ಜರ್ಮನಿ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕಂಚು ತಗೊಳ್ತು, ಅಂದ್ರೆ ಸೋತಿದ್ದು ಬಿ ಟೀಮ್ ಅಲ್ಲ.

ಅಷ್ಟೆಲ್ಲ ಮಾಡಿ ಸ್ವಿಟ್ಜರ್ಲೆಂಡ್‌ನ 2025ರ ಯೂರೋಗೆ ಹೋದವರು ಮೂರೂ ಸೋತು ಬಂದ್ರು. ಫಿನ್‌ಲ್ಯಾಂಡ್ 1-0, ಆತಿಥೇಯರು 2-0, ನಾರ್ವೆ 4-3. ಫಿನ್‌ಲ್ಯಾಂಡ್ ಮ್ಯಾಚ್‌ನಲ್ಲಿ ಗ್ಲೋದಿಸ್ ಹೊಟ್ಟೆ ಕೆಟ್ಟು ಅರ್ಧಕ್ಕೇ ಹೊರಗೆ ಬಂದ್ರು, ಆಮೇಲೆ ಒಬ್ಬರಿಗೆ ರೆಡ್ ಕಾರ್ಡ್. ದೊಡ್ಡ ದೇಶದಲ್ಲಿ ಒಬ್ಬ ಕ್ಯಾಪ್ಟನ್ ಹೋದ್ರೆ ಬೆಂಚ್‌ನಲ್ಲಿ ಇನ್ನೊಬ್ಬರು ಇರ್ತಾರೆ, ಇಲ್ಲಿ ಆ ಮಟ್ಟದವರು ಅವರೊಬ್ಬರೇ. ಗ್ರೌಂಡ್ ಕಟ್ಟಬಹುದು, ಕೋಚ್‌ಗೆ ಸಂಬಳ ಕೊಡಬಹುದು, ಜನಸಂಖ್ಯೆ ಎಲ್ಲಿಂದ ತರೋದು? ಕೋಚ್ ಥೋರ್ಸ್ಟೇನ್ ತುಂಬಾ ಹಿಂದಕ್ಕೆ ನಿಂತು ಆಡ್ಸಿದ್ರು ಅಂತ ನನಗೆ ಅನ್ಸುತ್ತೆ, ನಾರ್ವೆ ಜೊತೆ ಕಳ್ಕೊಳೋಕೆ ಏನೂ ಇಲ್ಲದಾಗ ಮೂರು ಗೋಲು ಹೊಡೆದವರು ಮೊದಲ ಮ್ಯಾಚ್‌ನಲ್ಲೇ ಯಾಕೆ ಹಾಗೆ ಆಡ್ಬಾರ್ದಿತ್ತು? ನೀವು ಒಪ್ಪಲ್ಲ ಅಂದ್ರೆ ಹೇಳಿ, ಪ್ರಶ್ನೆಗಳಿಗೆ ಟೈಮ್ ಇದೆ, ಮೈಕ್ ಆ ಕಡೆ ಕೊಡಿ.