ಅಮೆರಿಕದಲ್ಲಿ ಐವತ್ತು ಚುನಾವಣೆ

ಕೇಳುಗರೆಲ್ಲರಿಗೂ ನಮಸ್ಕಾರ.

ವೋಟು ಹಾಕಿ ಬಂದಾಗ ನಿಮ್ಮ ಎಡಗೈ ತೋರುಬೆರಳಿನ ಮೇಲೆ ಒಂದು ಕಪ್ಪು ಗೆರೆ ಇರುತ್ತದೆ, ಅಲ್ವಾ? ಆ ಶಾಯಿ ತಯಾರಾಗುವುದು ಮೈಸೂರಿನಲ್ಲಿ. ಇಲ್ಲಿಂದ ಹೊರಟ ಅದೇ ಶಾಯಿ ಕಾಶ್ಮೀರದವರ ಬೆರಳಿಗೂ ಬೀಳುತ್ತದೆ, ಕನ್ಯಾಕುಮಾರಿಯವರ ಬೆರಳಿಗೂ ಬೀಳುತ್ತದೆ. ಶಾಯಿ ಒಂದೇ, ಯಂತ್ರ ಒಂದೇ ಥರ, ಮೇಲೆ ನಿಂತು ನೋಡಿಕೊಳ್ಳುವ ಆಯೋಗವೂ ಒಂದೇ. ನಮಗಿದು ಎಷ್ಟು ರೂಢಿಯಾಗಿದೆಯೆಂದರೆ, ಎಲ್ಲ ದೇಶದಲ್ಲೂ ಹೀಗೇ ಇರುತ್ತದೆ ಅಂದುಕೊಂಡುಬಿಟ್ಟಿದ್ದೇವೆ.

ಅಮೆರಿಕದಲ್ಲಿ ಹೀಗಿಲ್ಲ. ಇವತ್ತು ನಾನು ಹೇಳಲು ಬಂದಿರುವುದು ಇದೊಂದೇ ಮಾತು. ಅಲ್ಲಿ ನಡೆಯುವುದು ಒಂದು ಚುನಾವಣೆಯಲ್ಲ, ಐವತ್ತು ಚುನಾವಣೆ. 50 ರಾಜ್ಯ, 50 ಕಾನೂನು. ದಿನ ಮಾತ್ರ ಒಂದೇ: ನವೆಂಬರ್ ತಿಂಗಳ ಮೊದಲ ಸೋಮವಾರದ ಮಾರನೆಯ ಮಂಗಳವಾರ. ಅದು 1845ರ ಕಾನೂನು. ಪಟ್ಟಿಗೆ ಹೆಸರು ಹೇಗೆ ಸೇರಿಸಬೇಕು, ಗುರುತಿನ ಚೀಟಿ ಬೇಕಾ ಬೇಡವಾ, ಇದೆಲ್ಲ ರಾಜ್ಯಕ್ಕೆ ಬಿಟ್ಟದ್ದು. ಆರೆಗಾನ್‌ನಲ್ಲಿ ಮತಪತ್ರ ಅಂಚೆಯಲ್ಲಿ ಮನೆಗೇ ಬರುತ್ತದೆ. ನಾರ್ತ್ ಡಕೋಟಾದಲ್ಲಿ ಮತದಾರರು ಹೆಸರು ನೋಂದಾಯಿಸುವ ಪದ್ಧತಿಯೇ ಇಲ್ಲ. ರಾಜ್ಯದೊಳಗೆ ಕೌಂಟಿಗಳಿವೆ, ನಮ್ಮ ಜಿಲ್ಲೆಯ ಹಾಗೆ ಅಂದುಕೊಳ್ಳಿ. ಎಷ್ಟೋ ಕಡೆ ಮತಪತ್ರ ಹೇಗಿರಬೇಕೆಂದು ನೋಡುವವರು ಆ ಕೌಂಟಿಯವರೇ.

ಕೌಂಟಿಯ ಒಂದು ಕಾಗದದಿಂದ ಏನಾಗಿಬಿಡುತ್ತದೆ ಅಂತ ನೀವು ಕೇಳಬಹುದು. ಅದಕ್ಕೆ 2000ನೇ ಇಸವಿಯ ಫ್ಲಾರಿಡಾದ ಕಥೆ ಹೇಳಲೇಬೇಕು. ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ, ನನಗಿನ್ನೂ ಸಾಕಾಗಿಲ್ಲ.

ಆ ವರ್ಷ ಜಾರ್ಜ್ ಬುಷ್ ಮತ್ತು ಆಲ್ ಗೋರ್ ಎದುರಾಳಿಗಳು. ಅಲ್ಲಿ ಅಧ್ಯಕ್ಷರನ್ನು ಆರಿಸಲು ರಾಜ್ಯಕ್ಕೆ ಇಷ್ಟು ಅಂತ ಎಲೆಕ್ಟರುಗಳಿರುತ್ತಾರೆ, ಒಟ್ಟು 538 ಮಂದಿ. 270 ಸಿಕ್ಕರೆ ಗೆಲುವು. ಮೇನ್, ನೆಬ್ರಾಸ್ಕಾ ಎರಡನ್ನು ಬಿಟ್ಟರೆ, ರಾಜ್ಯದಲ್ಲಿ ಒಂದೇ ಒಂದು ವೋಟು ಜಾಸ್ತಿ ಬಂದರೂ ಅಲ್ಲಿನ ಅಷ್ಟೂ ಎಲೆಕ್ಟರುಗಳು ಗೆದ್ದವರಿಗೇ. ಆ ಸಲ ಎಲ್ಲವೂ ಫ್ಲಾರಿಡಾದ 25 ಎಲೆಕ್ಟರುಗಳ ಮೇಲೆ ನಿಂತಿತು.

ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದವರು ಬಹಳ. ಅಧ್ಯಕ್ಷ ಸ್ಥಾನಕ್ಕೆ 10 ಅಭ್ಯರ್ಥಿಗಳಿದ್ದರು. ಹತ್ತೂ ಹೆಸರನ್ನು ಒಂದೇ ಪುಟಕ್ಕೆ ತುರುಕಿದರೆ ಅಕ್ಷರ ಸಣ್ಣದಾಗುತ್ತದೆ, ಅಜ್ಜ ಅಜ್ಜಿಯರಿಗೆ ಕಾಣುವುದಿಲ್ಲ. ಅದಕ್ಕೇ ಅಲ್ಲಿನ ಅಧಿಕಾರಿ ಅಕ್ಷರ ದೊಡ್ಡದು ಮಾಡಿಸಿ, ಹೆಸರುಗಳನ್ನು ಎರಡು ಪುಟಕ್ಕೆ ಹಂಚಿಸಿದರು. ಅಲ್ಲಿ ಆಗ ವೋಟು ಹಾಕುವುದೆಂದರೆ ಮತಪತ್ರದಲ್ಲಿ ಹೆಸರಿನ ಎದುರು ತೂತು ಮಾಡುವುದು. ಆ ತೂತಿನ ಜಾಗ ಎರಡು ಪುಟದ ನಡುವೆ. ಉದ್ದೇಶ ಒಳ್ಳೆಯದೇ. ಆದರೆ ಎಡಗಡೆ ಮೊದಲ ಹೆಸರು ಬುಷ್, ಎರಡನೆಯದು ಗೋರ್. ನಡುವಿನ ಸಾಲಿನಲ್ಲಿ ಮೊದಲ ತೂತು ಬುಷ್‌ಗೆ, ಎರಡನೆಯದು ಬಲಪುಟದ ಪ್ಯಾಟ್ ಬುಕಾನನ್‌ಗೆ, ಗೋರ್‌ದು ಮೂರನೆಯದು! ಎರಡನೇ ಹೆಸರು ನೋಡಿ ಎರಡನೇ ತೂತು ಒತ್ತಿದವರ ವೋಟು ಬುಕಾನನ್‌ಗೆ ಹೋಯಿತು. ತಪ್ಪು ತಿಳಿದ ಕೆಲವರು ಇನ್ನೊಂದು ತೂತೂ ಒತ್ತಿದರು. ಹೀಗೆ ಎರಡೆರಡು ತೂತು ಬಿದ್ದು 19 ಸಾವಿರಕ್ಕೂ ಹೆಚ್ಚು ಮತಪತ್ರ ಆ ಒಂದೇ ಕೌಂಟಿಯಲ್ಲಿ ಕೆಟ್ಟವು. ಬುಕಾನನ್‌ಗೆ ಅಲ್ಲಿ 3,400ಕ್ಕೂ ಹೆಚ್ಚು ವೋಟು ಬಂತು. ಗೋರ್‌ಗೆ ಅಂತ ಹೊರಟವರು ತನಗೆ ಹಾಕಿರಬಹುದು ಎಂದು ಅವರೇ ಒಪ್ಪಿಕೊಂಡರು.

ಇಡೀ ಫ್ಲಾರಿಡಾದಲ್ಲಿ ಬುಷ್ ಗೆದ್ದ ಅಂತರ ಎಷ್ಟು ಗೊತ್ತಾ? 537. ಹೆಚ್ಚುಕಮ್ಮಿ 60 ಲಕ್ಷ ವೋಟಿನಲ್ಲಿ 537.

ಮರುಎಣಿಕೆಗೆ ಕೂತಾಗ, ಪೂರಾ ಉದುರದೆ ತೂತಿನ ಅಂಚಿಗೆ ಜೋತುಬಿದ್ದ ಕಾಗದದ ಚೂರುಗಳದ್ದು ಇನ್ನೊಂದು ಗೋಳು. ಅದನ್ನು ವೋಟು ಅನ್ನಬೇಕಾ, ಬೇಡವಾ? ಒಂದು ಕೌಂಟಿಯಲ್ಲಿ ಒಂದು ಅಳತೆ, ಪಕ್ಕದ ಕೌಂಟಿಯಲ್ಲಿ ಇನ್ನೊಂದು. ಬ್ರೋವರ್ಡ್ ಕೌಂಟಿಯಲ್ಲಿ ನ್ಯಾಯಾಧೀಶರೊಬ್ಬರು ಭೂತಗನ್ನಡಿ ಹಿಡಿದು ಮತಪತ್ರ ನೋಡುತ್ತಿದ್ದ ಫೋಟೋ ಲೋಕವೆಲ್ಲ ಸುತ್ತಿತು. ಕೊನೆಗೆ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು 5-4 ಬಹುಮತದಿಂದ ಮರುಎಣಿಕೆ ನಿಲ್ಲಿಸಿತು. ದೇಶದ ಒಟ್ಟು ವೋಟಿನಲ್ಲಿ ಗೋರ್ 5 ಲಕ್ಷಕ್ಕೂ ಜಾಸ್ತಿ ಮುಂದಿದ್ದರು. ಅಧ್ಯಕ್ಷರಾದದ್ದು ಬುಷ್.

ಅಲ್ಲಿನ ಚುನಾವಣಾ ಆಯೋಗ ಏನು ಮಾಡುತ್ತಿತ್ತು ಅಂತ ವಿದ್ಯಾರ್ಥಿಗಳು ಪ್ರತಿ ಸಲ ಕೇಳುತ್ತಾರೆ. ದಯವಿಟ್ಟು ನೆನಪಿಡಿ, ನಮ್ಮಂಥ ಆಯೋಗ ಅಲ್ಲಿ ಇಲ್ಲವೇ ಇಲ್ಲ. ಐವತ್ತು ಚುನಾವಣೆ ಅಂದದ್ದು ಇದಕ್ಕೇ.

ಸಮಯ ಓಡುತ್ತಿದೆ. ಮತದಾನದ ಹಕ್ಕಿನ ಕಥೆಯೂ ಇದೇ ದಾರಿ. ಬಣ್ಣ ನೋಡಿ ವೋಟು ತಡೆಯಬಾರದು ಅಂತ 1870ರಲ್ಲೇ ಸಂವಿಧಾನಕ್ಕೆ ಸೇರಿಸಿದರು. ಆದರೆ ಪಟ್ಟಿ ಇದ್ದದ್ದು ರಾಜ್ಯಗಳ ಕೈಯಲ್ಲಿ. ದಕ್ಷಿಣದ ರಾಜ್ಯಗಳು ಓದುಬರಹದ ಪರೀಕ್ಷೆ, ತಲೆಗಂದಾಯ ಅಂತ ಹೇಳಿ ಕಪ್ಪು ಜನರನ್ನು ಸುಮಾರು ನೂರು ವರ್ಷ ಹೊರಗಿಟ್ಟವು. 1965ರ ಮಾರ್ಚ್‌ನಲ್ಲಿ ಅಲಬಾಮಾ ರಾಜ್ಯದ ಸೆಲ್ಮಾ ಊರಿನ ಸೇತುವೆಯ ಮೇಲೆ, ವೋಟಿನ ಹಕ್ಕು ಕೇಳಲು ಹೊರಟ ಅವರು ಲಾಠಿ ಏಟು ತಿಂದರು. ಆಗಸ್ಟ್‌ನಲ್ಲಿ ಮತದಾನ ಹಕ್ಕು ಕಾನೂನು ಬಂತು. ಹಿಂದೆ ಅನ್ಯಾಯ ಮಾಡಿದ್ದ ರಾಜ್ಯಗಳು ನಿಯಮ ಬದಲಿಸುವ ಮುಂಚೆ ವಾಷಿಂಗ್ಟನ್ನಿನ ಒಪ್ಪಿಗೆ ಪಡೆಯಬೇಕಿತ್ತು. 2013ರಲ್ಲಿ ಸುಪ್ರೀಂ ಕೋರ್ಟು ಆ ಕಟ್ಟು ಸಡಿಲಿಸಿತು. ನನಗಂತೂ ಅದು ಸರಿ ಕಾಣಲಿಲ್ಲ.

ಇನ್ನು ಹಣ. ಹಣದ ಲೆಕ್ಕ ನೋಡಲು ದೇಶಮಟ್ಟದ ಒಂದು ಆಯೋಗವಿದೆ. ಅದರಲ್ಲಿ 6 ಸದಸ್ಯರು, ಒಂದು ಪಕ್ಷದವರು 3ಕ್ಕಿಂತ ಜಾಸ್ತಿ ಇರುವಂತಿಲ್ಲ, ತೀರ್ಮಾನಕ್ಕೆ 4 ಮತ ಬೇಕು. ಎಷ್ಟೋ ಸಲ ಮೂರಕ್ಕೆ ಮೂರಾಗಿ ನಿಂತುಬಿಡುತ್ತದೆ. ಸುಪ್ರೀಂ ಕೋರ್ಟಿನ 2010ರ ತೀರ್ಪಿನ ನಂತರ, ಅಭ್ಯರ್ಥಿಯ ಜೊತೆ ಸೇರದೆ ಹೊರಗಿನಿಂದ ಪ್ರಚಾರ ಮಾಡುವುದಾದರೆ ಕಂಪನಿಗಳು ಎಷ್ಟು ಬೇಕಾದರೂ ಸುರಿಯಬಹುದು. ರಾಜ್ಯದ ಹುದ್ದೆಗಳಿಗೋ, ಮತ್ತೆ ಐವತ್ತು ಕಾನೂನು. ವರ್ಜೀನಿಯಾದಲ್ಲಿ ದೇಣಿಗೆಗೆ ಮಿತಿಯೇ ಇಲ್ಲ.

ಕೇಳುಗರಲ್ಲಿ ಎಷ್ಟೋ ಮಂದಿಯ ಮಕ್ಕಳು ಅಲ್ಲಿದ್ದಾರೆ. ಗ್ರೀನ್ ಕಾರ್ಡ್ ಇದ್ದರೆ ಸಾಲದು, ಅಧ್ಯಕ್ಷರ ಚುನಾವಣೆಗೆ ವೋಟು ಹಾಕಲು ಪೌರತ್ವ ಬೇಕು. ಪೌರತ್ವ ಸಿಕ್ಕವರು ತಮ್ಮ ರಾಜ್ಯದ ಕಾನೂನು ನೋಡಿಕೊಳ್ಳಲಿ. ಮಿನ್ನೆಸೋಟದಲ್ಲಿ ಮತದಾನದ ದಿನವೇ ಮತಗಟ್ಟೆಯಲ್ಲಿ ಹೆಸರು ಸೇರಿಸಬಹುದು. ಟೆಕ್ಸಾಸ್‌ನಲ್ಲಿ 30 ದಿನ ಮುಂಚೆಯೇ ಆಗಿರಬೇಕು. ನಿಮ್ಮ ಮಗಳು ಈ ವರ್ಷ ಮಿನ್ನೆಸೋಟದಿಂದ ಟೆಕ್ಸಾಸ್‌ಗೆ ಮನೆ ಬದಲಿಸಿದ್ದರೆ, ಸೆಪ್ಟೆಂಬರಿನಲ್ಲೇ ಒಂದು ಫೋನ್ ಮಾಡಿ ನೆನಪಿಸಿ. ನಮಸ್ಕಾರ.