ಮೇಲ್ ಬರೆದರೆ ಸಾಫ್ಟ್‌ವೇರ್ ಬರ್ತಿದ್ದ ಕಾಲ

[ಪರದೆ: ಕಪ್ಪು ಟರ್ಮಿನಲ್. ಒಂದೇ ಸಾಲು ಟೈಪ್ ಆಗುತ್ತೆ: "ಸೆಂಡ್ ಡಿಜಿಇಸಿಒ ಫ್ರಮ್ ಲಿನ್‌ಪ್ಯಾಕ್"]

ಈ ಒಂದು ಸಾಲನ್ನ ಮೇಲ್ ಒಳಗೆ ಬರೆದು ಕಳಿಸಿದ್ರೆ ಸಾಕಿತ್ತು. ಮಾನ್ಯರೇ ಅಂತ ಶುರು ಮಾಡೋದು ಬೇಡ, ಇಂತಿ ನಿಮ್ಮ ವಿಶ್ವಾಸಿ ಅಂತ ಮುಗಿಸೋದೂ ಬೇಡ. ಯಾಕಂದ್ರೆ ಆ ಕಡೆ ಓದೋಕೆ ಮನುಷ್ಯರೇ ಇರ್ತಿರಲಿಲ್ಲ. ಒಂದು ಪ್ರೋಗ್ರಾಂ ಮೇಲ್ ತೆರೆದು, ಕೇಳಿದ ಫೈಲ್ ಹುಡುಕಿ, ಮರುಟಪಾಲಲ್ಲಿ ಕಳಿಸಿಬಿಡ್ತಿತ್ತು.

ನಮಸ್ಕಾರ. ಆಪ್ ಸ್ಟೋರ್ ಇಲ್ಲ, ವೆಬ್‌ಸೈಟ್ ಅನ್ನೋದೇ ಇಲ್ಲ. ಆಗ ಸಾಫ್ಟ್‌ವೇರ್ ಹೇಗೆ ಊರೂರು ತಿರುಗ್ತಿತ್ತು ಅನ್ನೋದು ಇವತ್ತಿನ ವಿಷಯ.

[ಪರದೆ: ದೊಡ್ಡ ಮ್ಯಾಗ್ನೆಟಿಕ್ ಟೇಪ್ ಸುರುಳಿಗಳು]

ಈಗ ನೋಡಿದ ಸೇವೆಯ ಹೆಸರು ನೆಟ್‌ಲಿಬ್. 1985ರಲ್ಲಿ ಶುರು ಮಾಡಿದವರು ಇಬ್ಬರು: ಶಿಕಾಗೋ ಹತ್ತಿರದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಜ್ಯಾಕ್ ಡೊಂಗಾರಾ, ಬೆಲ್ ಲ್ಯಾಬ್ಸ್‌ನ ಎರಿಕ್ ಗ್ರೋಸ್. ಡೊಂಗಾರಾ ಅವರ ಹೆಸರು ಕೇಳಿರಬಹುದು, 2021ರ ಟ್ಯೂರಿಂಗ್ ಪ್ರಶಸ್ತಿ ಅವರಿಗೇ ಬಂದದ್ದು. ಅದಕ್ಕೂ ಮುಂಚೆ ಗಣಿತದ ಪ್ರೋಗ್ರಾಂ ಬೇಕಂದ್ರೆ ಟೇಪ್ ತರಿಸ್ಕೋಬೇಕು. ಬೇಕಿರೋದು ಫೋರ್ಟ್ರಾನ್ ಭಾಷೆಯ ಇನ್ನೂರು ಸಾಲಿನ ಕೋಡ್, ಬರೋದು ಒಂದು ಸುರುಳಿ ಟೇಪು, ಅದೂ ವಾರಗಟ್ಟಲೆ ಕಾದಮೇಲೆ, ದುಡ್ಡು ಕೊಟ್ಟಮೇಲೆ.

ನೆಟ್‌ಲಿಬ್‌ಗೆ "ಸೆಂಡ್ ಇಂಡೆಕ್ಸ್" ಅಂತ ಬರೆದ್ರೆ ಏನೇನಿದೆ ಅನ್ನೋ ಪಟ್ಟಿ ಬರ್ತಿತ್ತು. ನನಗೆ ಖುಷಿ ಕೊಡೋ ಭಾಗ ಅದರ ನಂತರದ್ದು. ಲಿನ್‌ಪ್ಯಾಕ್ ಅಂದ್ರೆ ಗಣಿತದ ಪ್ರೋಗ್ರಾಂಗಳ ಒಂದು ಸಂಗ್ರಹ. ಅದರಲ್ಲಿರೋ ಡಿಜಿಇಸಿಒ ಅನ್ನೋದು ಮ್ಯಾಟ್ರಿಕ್ಸ್ ಅಪವರ್ತಿಸಿ, ಅದರ ಲೆಕ್ಕವನ್ನ ಎಷ್ಟು ನಂಬಬಹುದು ಅಂತ ಅಂದಾಜು ಹೇಳೋ ಒಂದು ಸಬ್‌ರೂಟೀನ್, ಅಂದ್ರೆ ಒಂದೇ ಕೆಲಸ ಮಾಡೋ ಪುಟ್ಟ ಪ್ರೋಗ್ರಾಂ ತುಂಡು. ಅದೊಂದೇ ತಗೊಂಡ್ರೆ ಕೆಲಸ ಆಗಲ್ಲ. ಅದು ಡಿಜಿಇಎಫ್‌ಎ ಕರೆಯುತ್ತೆ, ಅದು ಇನ್ನೊಂದನ್ನ ಕರೆಯುತ್ತೆ. ನೆಟ್‌ಲಿಬ್ ಈ ಸಂಬಂಧಗಳನ್ನೆಲ್ಲ ಹುಡುಕಿ, ಇಡೀ ಬಳಗವನ್ನೇ ಒಟ್ಟಿಗೆ ಕಳಿಸ್ತಿತ್ತು. ಬಳಗ ಬೇಡ, ಅವನೊಬ್ಬನೇ ಬರಲಿ ಅಂದ್ರೆ "ಸೆಂಡ್ ಓನ್ಲಿ ಡಿಜಿಇಸಿಒ" ಅಂತ ಬರೀಬೇಕು. ಇವತ್ತು ಪ್ರೋಗ್ರಾಮರ್‌ಗಳಿಗೆ ಬೇಕಾದ ಕೋಡ್ ತಂದುಕೊಡೋ ಪಿಪ್, ಎನ್‌ಪಿಎಂ ಮಾಡೋ ಕೆಲಸದ ತಿರುಳು ಇದೇ ಅಲ್ವಾ? ಅದು 1985ರ ಮೇಲ್‌ನಲ್ಲೇ ಇತ್ತು.

[ಪರದೆ: ಎರಡು ಫೈಲ್ ಅಕ್ಕಪಕ್ಕ, ಬದಲಾದ ಸಾಲುಗಳು ಹಳದಿ ಬಣ್ಣದಲ್ಲಿ]

ಸರಿ, ಸಾಫ್ಟ್‌ವೇರ್ ಬಂತು. ಆಮೇಲೆ ಅದರಲ್ಲಿ ಬಗ್ ಸಿಗುತ್ತೆ. ಮತ್ತೆ ಇಡೀ ಸಾಫ್ಟ್‌ವೇರ್ ಕಳಿಸೋದಾ? ಆಗಿನ ಎಷ್ಟೋ ಮೇಲ್ ಹೋಗ್ತಿದ್ದದ್ದು ಒಂದು ಕಂಪ್ಯೂಟರ್ ಇನ್ನೊಂದಕ್ಕೆ ರಾತ್ರಿ ಹೊತ್ತು ಫೋನ್ ಮಾಡಿ. ಎಸ್‌ಟಿಡಿ ಬಿಲ್ ಯಾರಾದ್ರೂ ಕಟ್ಟಲೇಬೇಕು. ಹಾಗಾಗಿ ಬದಲಾದ ಸಾಲು ಮಾತ್ರ ಕಳಿಸೋ ದಾರಿ ಹುಡುಕಿದ್ರು. ಲ್ಯಾರಿ ವಾಲ್ 1985ರಲ್ಲಿ "ಪ್ಯಾಚ್" ಅನ್ನೋ ಪ್ರೋಗ್ರಾಂ ಹೊರತಂದ್ರು. ಪರ್ಲ್ ಭಾಷೆ ಬರೆದ ಅದೇ ಲ್ಯಾರಿ ವಾಲ್.

ಪ್ಯಾಚ್‌ನ ಜಾಣತನ ಇರೋದು ಇಲ್ಲಿ. ನೀವು ನಿಮ್ಮ ಪ್ರತಿಯಲ್ಲಿ ಮೇಲೆ ಐದು ಸಾಲು ಸೇರಿಸಿದ್ದೀರಿ ಅನ್ಕೊಳ್ಳಿ. ನೂರನೇ ಸಾಲಲ್ಲಿ ಇರಬೇಕಾದದ್ದು ನೂರೈದಕ್ಕೆ ಜಾರಿರುತ್ತೆ. ಪ್ಯಾಚ್ ತಕರಾರು ಮಾಡಲ್ಲ. ಅಕ್ಕಪಕ್ಕದ ಸಾಲುಗಳನ್ನ ನೋಡಿ ಜಾಗ ಪತ್ತೆ ಹಚ್ಚಿ, "ಐದು ಸಾಲು ಆಚೆ ಸಿಕ್ತು" ಅಂತ ಹೇಳಿ ತಿದ್ದುತ್ತೆ. ಎಲ್ಲೂ ಹೊಂದಲಿಲ್ಲ ಅಂದ್ರೆ ಆ ತುಂಡನ್ನ ರಿಜೆಕ್ಟ್ ಫೈಲ್‌ಗೆ ಹಾಕಿ ನಿಮ್ಮ ತಲೆಗೆ ಬಿಡುತ್ತೆ.

ಬದಲಾದ ಸಾಲುಗಳಿರೋ ಆ ಫೈಲ್‌ಗೂ ಪ್ಯಾಚ್ ಅಂತಲೇ ಹೆಸರು. ಇನ್ನು ಅದನ್ನ ಕೇಳೋ ಮೇಲ್. ವಿಷಯದ ಜಾಗದಲ್ಲಿ "ಕಮಾಂಡ್" ಅಂತ ಬರೀಬೇಕು. ಒಳಗೆ ಒಂದೇ ಸಾಲು.

[ಪರದೆ: "@ಎಸ್‌ಎಚ್ ಮೇಲ್‌ಪ್ಯಾಚ್ ಪಾತ್ ಪರ್ಲ್ 1.0 35-"]

ಕೊನೆಯ "35-" ಅಂದ್ರೆ ಮೂವತ್ತೈದನೇ ಪ್ಯಾಚ್‌ನಿಂದ ಕೊನೆಯವರೆಗೆ ಎಲ್ಲಾ ಕಳಿಸಿ ಅಂತ. ಪರ್ಲ್‌ನ ಮೊದಲ ಆವೃತ್ತಿ ಬಂದದ್ದು ಡಿಸೆಂಬರ್ 1987ರಲ್ಲಿ, ಅದರ ಪ್ಯಾಚ್‌ಗಳ ಜೊತೆ ಈ ಸೂಚನೆ ಇರ್ತಿತ್ತು. ಹೀಗೇ ಬರೆದು ಕಳಿಸಿದ್ರೆ ಕೆಲಸ ಬೇಗ ಆಗುತ್ತೆ ಅಂತ ಲ್ಯಾರಿ ವಾಲ್ ಮಾತೂ ಕೊಟ್ಟಿದ್ರು. ಸಾಲಿನ ಕೆಳಗೆ ಪುಟ್ಟದೊಂದು ಬಾಣ: "ಸಿ ಅಕ್ಷರ ಗಮನಿಸಿ". ಮೇಲ್‌ಪ್ಯಾಚ್ ಅನ್ನೋ ಬದಲು ಮೇಲ್‌ಪಾತ್ ಅಂತ ಹೊಡೆದು ಕಳಿಸೋರು ಎಷ್ಟಿದ್ರೋ ಏನೋ!

ಆ "ಪಾತ್" ಜಾಗದಲ್ಲಿ ನಿಮ್ಮ ವಿಳಾಸ ಹಾಕಬೇಕು. ಆದ್ರೆ "ನನ್ನಿಂದ ನಿಮ್ಮವರೆಗೆ" ದಾರಿ ಬರೀರಿ ಅಂತ ದೊಡ್ಡಕ್ಷರದಲ್ಲಿ ಎಚ್ಚರಿಕೆ. ಹಾಗೆ ಒಂದಕ್ಕೊಂದು ಫೋನ್ ಮಾಡಿ ಮೇಲ್ ದಾಟಿಸೋ ಕಂಪ್ಯೂಟರ್‌ಗಳ ಯುಯುಸಿಪಿ ಜಾಲದಲ್ಲಿ ವಿಳಾಸ ಅಂದ್ರೆ ಮಧ್ಯದ ಕಂಪ್ಯೂಟರ್‌ಗಳ ಹೆಸರನ್ನ ಆಶ್ಚರ್ಯಸೂಚಕ ಹಾಕಿ ಪೋಣಿಸೋದು. ಬೀದರ್‌ನಿಂದ ಮಡಿಕೇರಿಗೆ ಯಾವ್ಯಾವ ಸ್ಟ್ಯಾಂಡಲ್ಲಿ ಬಸ್ ಬದಲಾಯಿಸಬೇಕು ಅಂತ ಚೀಟಿ ಬರೆದುಕೊಟ್ಟ ಹಾಗೆ. ಮಡಿಕೇರಿಯಿಂದ ಬರೋ ದಾರಿ ಬರೆದುಕೊಟ್ರೆ ಪ್ಯಾಚ್ ನಿಮ್ಮ ಮನೆ ಮುಟ್ಟಲ್ಲ.

ಇನ್ನೊಂದು ಪುಟ್ಟ ಕಟ್ಟುನಿಟ್ಟು ಹೇಳಲೇಬೇಕು. ಸೋರ್ಸ್ ಕೋಡ್ ಜೊತೆ ಪ್ಯಾಚ್‌ಲೆವೆಲ್ ಅಂತ ಒಂದು ಫೈಲ್. ಒಳಗೆ ಒಂದೇ ಸಂಖ್ಯೆ, ಉದಾಹರಣೆಗೆ 13. ಹದಿನಾಲ್ಕನೇ ಪ್ಯಾಚ್ ಮೊದಲು ಅಲ್ಲಿ 13 ಇದೆಯಾ ನೋಡುತ್ತೆ. ಇಲ್ಲ ಅಂದ್ರೆ ನಿಂತು ಕೇಳುತ್ತೆ. ಹನ್ನೆರಡು ಬಿಟ್ಟು ಹದಿಮೂರು ಹಾಕೋ ಅವಸರದವರನ್ನ ಹಿಡಿಯೋದು ಹೀಗೆ.

[ಪರದೆ: ಅರ್ಥವಾಗದ ಅಕ್ಷರಗಳ ಸಾಲುಗಳು, ಎಲ್ಲವೂ "ಎಂ" ಅಕ್ಷರದಿಂದ ಶುರು]

ಮೇಲ್ ಹುಟ್ಟಿದ್ದು ಅಕ್ಷರ ಸಾಗಿಸೋಕೆ. ಬೈನರಿ ಫೈಲ್ ಅದರ ಗಂಟಲಲ್ಲಿ ಇಳಿಯಲ್ಲ. ಹಾಗಾಗಿ ಬೈನರಿಯನ್ನ ಅಕ್ಷರವಾಗಿ ಬದಲಾಯಿಸೋ ಯುಯುಎನ್‌ಕೋಡ್: ಮೂರು ಬೈಟ್‌ಗೆ ನಾಲ್ಕು ಅಕ್ಷರ, ಸಾಲಿಗೆ 45 ಬೈಟ್. ಫೈಲ್ ಗಾತ್ರ ಮೂರನೇ ಒಂದು ಪಾಲು ಉಬ್ಬುತ್ತೆ. ಅಷ್ಟಕ್ಕೇ ಮುಗಿಯಲಿಲ್ಲ. ದಾರಿಯಲ್ಲಿ ಐಬಿಎಂ ಯಂತ್ರಗಳ ಬಿಟ್‌ನೆಟ್ ಜಾಲ ಸಿಕ್ರೆ ಅಲ್ಲಿ ಅಕ್ಷರಸಂಕೇತವೇ ಬೇರೆ, ಕೆಲವು ಚಿಹ್ನೆ ಅದಲುಬದಲು. ಸಾಲಿನ ಕೊನೆಯ ಖಾಲಿ ಜಾಗಗಳನ್ನ ಕೆಲವು ಯಂತ್ರಗಳು ಕತ್ತರಿಸಿ ಎಸೀತಿದ್ವು, ಯುಯುಎನ್‌ಕೋಡ್‌ನಲ್ಲಿ ಖಾಲಿ ಜಾಗಕ್ಕೂ ಅರ್ಥ ಇತ್ತು! ಕಡೆಗೆ ಅದರ ಬದಲು ಬೇರೆ ಚಿಹ್ನೆ ಬಳಸಿದ್ರು. ದೊಡ್ಡ ಮೇಲನ್ನ ಕೆಲವು ಯಂತ್ರ ದಾಟಿಸ್ತಲೇ ಇರಲಿಲ್ಲ, ಅದಕ್ಕೆ ಫೈಲ್ ತುಂಡು ತುಂಡು. ಹನ್ನೆರಡರಲ್ಲಿ ಏಳನೇ ತುಂಡು ಬರಲಿಲ್ಲ ಅಂದ್ರೆ ಉಳಿದ ಹನ್ನೊಂದೂ ದಂಡ.

ಇಷ್ಟೆಲ್ಲ ಒದ್ದಾಟ ಯಾಕೆ, ಫೈಲನ್ನ ನೇರವಾಗಿ ಇಳಿಸಿಕೊಳ್ಳೋ ಎಫ್‌ಟಿಪಿ ಇರಲಿಲ್ವಾ? ಇತ್ತು. ಆದ್ರೆ ಅದಕ್ಕೆ ನೇರ ಸಂಪರ್ಕ ಬೇಕು. ನಮ್ಮಲ್ಲೇ ನೋಡಿ: ಶಿಕ್ಷಣ, ಸಂಶೋಧನಾ ಸಂಸ್ಥೆಗಳನ್ನ ಬೆಸೆಯೋಕೆ 1986ರಲ್ಲಿ ಶುರುವಾದ ಅರ್ನೆಟ್ ಯೋಜನೆಯಲ್ಲಿ ಐದು ಐಐಟಿ, ಮುಂಬೈನ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ ಎನ್‌ಸಿಎಸ್‌ಟಿ, ಕೇಂದ್ರದ ಎಲೆಕ್ಟ್ರಾನಿಕ್ಸ್ ಇಲಾಖೆ ಜೊತೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಇತ್ತು. ಅಲ್ಲೂ ಮೊದಲು ಬಂದದ್ದು ಡಯಲ್-ಅಪ್ ಮೇಲ್. ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕೆ. ಮೇಲ್ ಮಾತ್ರ ಇದ್ದವರಿಗಾಗಿಯೇ ಅಮೆರಿಕದಲ್ಲಿ ಎಫ್‌ಟಿಪಿ-ಮೇಲ್ ಸರ್ವರ್‌ಗಳಿದ್ವು. ನಿಮ್ಮ ಪರವಾಗಿ ಅವೇ ಎಫ್‌ಟಿಪಿ ಮಾಡಿ ಫೈಲನ್ನ ಮೇಲಲ್ಲಿ ಹಾಕ್ತಿದ್ವು.

[ಪರದೆ: "@ಎಸ್‌ಎಚ್" ಮಾತ್ರ ದೊಡ್ಡದಾಗಿ, ಕೆಂಪು ವೃತ್ತದಲ್ಲಿ]

ಈಗ ಸೆಕ್ಯೂರಿಟಿ ಕೆಲಸ ಮಾಡೋರು ಆಗಲೇ ಕಾಮೆಂಟ್ ಟೈಪ್ ಮಾಡ್ತಿರ್ತೀರಿ, ಗೊತ್ತು. ಎಸ್‌ಎಚ್ ಅಂದ್ರೆ ಶೆಲ್, ಬರೆದ ಕಮಾಂಡನ್ನ ಕಂಪ್ಯೂಟರ್‌ನಲ್ಲಿ ಓಡಿಸೋ ಪ್ರೋಗ್ರಾಂ. ಯಾರೋ ಅಪರಿಚಿತರು ಕಳಿಸಿದ ಮೇಲ್ ನಮ್ಮ ಶೆಲ್‌ನಲ್ಲಿ ಓಡೋದಾ? ಅದಕ್ಕೇ ಅನುಮತಿ ಇರೋ ಕಮಾಂಡ್‌ಗಳ ಪಟ್ಟಿ ಇಟ್ಟು, ಅದರಾಚೆ ಏನನ್ನೂ ಓಡಿಸದ ವ್ಯವಸ್ಥೆ ಬಂತು. ರಾಫಾಯೆಲ್ ಮ್ಯಾನ್‌ಫ್ರೆಡಿ ಪರ್ಲ್‌ನಲ್ಲಿ ಬರೆದ ಮೇಲ್‌ಏಜೆಂಟ್, ಬಂದ ಮೇಲ್ ನೋಡಿಕೊಳ್ಳೋ ಪ್ರೋಗ್ರಾಂ, ಹಾಗೆ ಮಾಡ್ತಿತ್ತು. ನನ್ನ ಪ್ರಕಾರ ಅದಕ್ಕಿಂತ ದೊಡ್ಡ ತೂತು ಬೇರೆ. ಮೇಲ್ ಕಳಿಸಿದವರು ಅವರೇನಾ ಅಂತ ಯಾರೂ ಪರೀಕ್ಷೆ ಮಾಡ್ತಿರಲಿಲ್ಲ. ನಿಮ್ಮ ವಿಳಾಸ ಹಾಕಿ ನಾನು ಮೆಗಾಬೈಟ್‌ಗಟ್ಟಲೆ ಫೈಲ್ ಕೇಳಬಹುದಿತ್ತು. ಪ್ಯಾಚ್ ಬಂದದ್ದು ಲೇಖಕರಿಂದಲೇ ಅನ್ನೋದಕ್ಕೂ ಮೇಲ್ ಸಾಕ್ಷಿ ಹೇಳ್ತಿರಲಿಲ್ಲ.

ಈ ಕಥೆ ಮ್ಯೂಸಿಯಂ ಸೇರಿಲ್ಲ. ನೆಟ್‌ಲಿಬ್ ಈಗ ವೆಬ್‌ಸೈಟ್ ಆಗಿದೆ, ಲಿನ್‌ಪ್ಯಾಕ್‌ನ ಉತ್ತರಾಧಿಕಾರಿ ಲ್ಯಾಪ್ಯಾಕ್ ಅಲ್ಲೇ ಸಿಗುತ್ತೆ. ಲಿನಕ್ಸ್‌ನ ಹೃದಯಭಾಗವಾದ ಕರ್ನಲ್‌ಗೆ ಇವತ್ತಿಗೂ ಪ್ಯಾಚ್ ಹೋಗೋದು ಮೇಲ್‌ನಲ್ಲೇ: ಕೋಡ್‌ನ ಬದಲಾವಣೆಗಳ ಲೆಕ್ಕ ಇಡೋ ಗಿಟ್ ಅನ್ನೋ ಸಾಧನದಲ್ಲಿ ಕಳಿಸೋದು ಗಿಟ್ ಸೆಂಡ್-ಇಮೇಲ್ ಕಮಾಂಡ್, ಆ ಕಡೆ ಸೇರಿಸ್ಕೊಳ್ಳೋದು ಗಿಟ್ ಎಎಂ. ಜಿಮೇಲ್‌ನ ವೆಬ್ ಪುಟದಿಂದ ಪ್ಯಾಚ್ ಕಳಿಸಬೇಡಿ ಅಂತ ಕರ್ನಲ್‌ನ ದಾಖಲೆಯಲ್ಲೇ ಇದೆ, ಟ್ಯಾಬ್‌ಗಳನ್ನ ಅದು ಖಾಲಿ ಜಾಗ ಮಾಡಿಬಿಡುತ್ತೆ ಅಂತ. ಮೇಲ್ ದಾರಿಯಲ್ಲಿ ಅಕ್ಷರ ಕೆಡಿಸೋ ಚಾಳಿ ಹೋಗಿಲ್ಲ. ಕಳಿಸಿದವರು ಯಾರು ಅನ್ನೋದನ್ನ ಮಾತ್ರ ಈಗ ಪರೀಕ್ಷಿಸಬಹುದು. ಬಿ4 ಅನ್ನೋ ಸಾಧನ ಇಡೀ ಪ್ಯಾಚ್ ಸರಣಿ ಇಳಿಸಿಕೊಂಡು ಡಿಜಿಟಲ್ ಸಹಿ ನೋಡುತ್ತೆ. ಅದನ್ನ ಇನ್‌ಸ್ಟಾಲ್ ಮಾಡಿ ಒಂದು ನಿಜವಾದ ಕರ್ನಲ್ ಪ್ಯಾಚ್ ಇಳಿಸೋದನ್ನ ಮುಂದಿನ ವಿಡಿಯೋದಲ್ಲಿ ಮಾಡಿ ತೋರಿಸ್ತೀನಿ.