ಲಸಿಕೆ ಹಾಕಿಸಿದ ಮೇಲೂ ಮಂಗನಬಾವು ಬಂದರೆ ಮಕ್ಕಳಾಗುವುದಿಲ್ಲವೇ?

ಎಲ್ಲರಿಗೂ ನಮಸ್ಕಾರ.

ಗಂಡು ಹುಡುಗನಿಗೆ ಮಂಗನಬಾವು ಬಂತು ಅಂದರೆ ಸಾಕು, 'ಮುಂದೆ ಮಕ್ಕಳಾಗಲ್ಲವಂತೆ' ಅನ್ನುವ ಮಾತು ಶುರುವಾಗುತ್ತದೆ. ಲಸಿಕೆ ಹಾಕಿಸಿಕೊಂಡವನಿಗೇ ಬಂದರೆ ಗಾಬರಿ ಇನ್ನೂ ಜಾಸ್ತಿ. ಈ ಹೆದರಿಕೆ ಪೂರ್ತಿ ಸುಳ್ಳಲ್ಲ. ಆದರೆ ಅದನ್ನು ಬಹಳ ಹಿಗ್ಗಿಸಿದ್ದಾರೆ.

ಚಿಕ್ಕ ಹುಡುಗರಲ್ಲಿ ಈ ವೈರಸ್ ವೃಷಣದ ತಂಟೆಗೆ ಹೋಗುವುದು ಅಪರೂಪ. ಹರೆಯ ಬಂದ ಮೇಲೆ ಹಾಗಲ್ಲ. ಲಸಿಕೆ ಇಲ್ಲದ ಗಂಡಸರಿಗೆ ಮಂಗನಬಾವು ಬಂದರೆ, ನೂರರಲ್ಲಿ 30 ಜನರವರೆಗೂ ವೃಷಣ ಊದಬಹುದು. ಸಾಮಾನ್ಯವಾಗಿ ಕೆನ್ನೆ ಊದಿ ನಾಲ್ಕರಿಂದ ಎಂಟು ದಿನಕ್ಕೆ ಜ್ವರ ಮತ್ತೆ ಏರುತ್ತದೆ. ವೃಷಣ ಕೆಂಪಾಗಿ, ಮುಟ್ಟಲಾಗದಷ್ಟು ನೋಯುತ್ತದೆ. ಕೆಲವರಿಗೆ ಕೆನ್ನೆ ಊದದೆಯೇ ಹೀಗಾಗುವುದುಂಟು.

ವೃಷಣದ ಸುತ್ತ ಒಂದು ಬಿಗಿಯಾದ ಪೊರೆ ಇದೆ. ಅದು ಹೆಚ್ಚು ಹಿಗ್ಗುವುದಿಲ್ಲ. ಹಾಗಾಗಿ ಒಳಗಿನ ಊತಕ್ಕೆ ಜಾಗ ಸಿಗದೆ ಒತ್ತಡ ಏರುತ್ತದೆ. ವೀರ್ಯಾಣು ತಯಾರಾಗುವ ಸಣ್ಣ ಸಣ್ಣ ನಾಳಗಳು ಅದರಲ್ಲಿ ನಲುಗುತ್ತವೆ. ಹೀಗೆ ಊದಿದ ವೃಷಣಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಮೇಲೆ ಒಂದಿಷ್ಟು ಕುಗ್ಗುತ್ತವೆ. ಕುಗ್ಗಿದ ಮಾತ್ರಕ್ಕೆ ಮಕ್ಕಳಾಗುವುದಿಲ್ಲ ಅಂತಲ್ಲ. ಹೆಚ್ಚಿನವರಿಗೆ ಊದುವುದು ಒಂದೇ ಬದಿ. ಇನ್ನೊಂದು ಬದಿ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ವೀರ್ಯಾಣುಗಳ ಎಣಿಕೆ ಇಳಿಯಬಹುದು, ಪೂರ್ತಿ ಬಂಜೆತನ ಮಾತ್ರ ಅಪರೂಪ.

ಇನ್ನು ಲಸಿಕೆ. ಎರಡು ಡೋಸ್ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಸೇರಿಸಿ ಕೊಡುವ ಲಸಿಕೆ) ಮಂಗನಬಾವಿನಿಂದ ಸುಮಾರು 88 ಶೇಕಡಾ ರಕ್ಷಣೆ ಕೊಡುತ್ತದೆ, ಪೂರ್ತಿ ನೂರಲ್ಲ. ವರ್ಷ ಕಳೆದಂತೆ ಅದೂ ಸ್ವಲ್ಪ ಸಡಿಲವಾಗುತ್ತದೆ. 2006ರಲ್ಲಿ ಅಮೆರಿಕದಲ್ಲಿ 6,500ಕ್ಕೂ ಹೆಚ್ಚು ಜನರಿಗೆ ಮಂಗನಬಾವು ಬಂತು. ಅವರಲ್ಲಿ ಕಾಲೇಜು ಹುಡುಗ ಹುಡುಗಿಯರು ತುಂಬಾ ಇದ್ದರು, ಎರಡು ಡೋಸ್ ಆದವರೂ ಬಹಳ ಜನ. 'ಹಾಗಿದ್ದ ಮೇಲೆ ಲಸಿಕೆ ಯಾಕೆ?' ಅಂತ ಕೇಳಬಹುದು, ಅಲ್ವಾ? ನನ್ನ ಮಟ್ಟಿಗೆ ಇಲ್ಲೇ ಮುಖ್ಯ ಉತ್ತರ ಇದೆ. ಲಸಿಕೆ ಆದವರಿಗೆ ಕಾಯಿಲೆ ಬಂದರೂ ವೃಷಣ ಊದುವುದು ನೂರರಲ್ಲಿ ಆರರಷ್ಟು ಜನರಿಗೆ ಮಾತ್ರ. ಅಂದರೆ ಕಾಯಿಲೆಯನ್ನು ತಡೆಯಲಾಗದ ಕಡೆಯೂ ಲಸಿಕೆ ವೃಷಣವನ್ನು ಕಾಯುತ್ತದೆ. ಲಸಿಕೆಯಿಂದಲೇ ಬಂಜೆತನ ಬರುತ್ತದೆ ಅನ್ನುವುದಕ್ಕಂತೂ ಯಾವ ಆಧಾರವೂ ಇಲ್ಲ. ದಯವಿಟ್ಟು ಅದನ್ನು ಹರಡಬೇಡಿ.

ಇಲ್ಲಿರುವ ಹುಡುಗರಿಗೆ ಒಂದು ಮಾತು. ವೃಷಣ ನೋಯುತ್ತಿದ್ದರೆ ನಾಚಿಕೊಂಡು ಸುಮ್ನೆ ಇರಬೇಡಿ. ಅದು ಮಂಗನಬಾವೇ ಇರಬೇಕೆಂದಿಲ್ಲ. ವೃಷಣ ಒಳಗೇ ತಿರುಚಿಕೊಂಡು ರಕ್ತ ಹರಿಯುವುದು ನಿಂತಿದ್ದರೂ ಹೀಗೇ ನೋಯುತ್ತದೆ. ಆಗ ನೋವು ಶುರುವಾದ ಆರು ಗಂಟೆಯೊಳಗೆ ಆಪರೇಷನ್ ಆದರೆ ವೃಷಣ ಉಳಿಯುವ ಸಾಧ್ಯತೆ ಜಾಸ್ತಿ. ಎರಡರಲ್ಲಿ ಯಾವುದು ಅನ್ನುವುದನ್ನು ಡಾಕ್ಟರೇ ನೋಡಿ ಹೇಳಬೇಕು. ಮಂಗನಬಾವೇ ಆದರೆ ವಿಶ್ರಾಂತಿ, ನೋವಿನ ಮಾತ್ರೆ, ತಣ್ಣನೆ ಪಟ್ಟಿ, ಬಿಗಿಯಾದ ಒಳಉಡುಪಿನ ಆಸರೆ ಸಾಕು. ವೈರಸ್ಸಿಗೆ ಆಂಟಿಬಯಾಟಿಕ್ ಕೆಲಸ ಮಾಡುವುದಿಲ್ಲ.

ವಾಸಿಯಾದ ಮರುವಾರವೇ ವೀರ್ಯ ಪರೀಕ್ಷೆಗೆ ಓಡಬೇಡಿ. ಹೊಸ ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಬೇಕು. ಜ್ವರದ ದಿನಗಳಲ್ಲಿ ತಯಾರಾದ ವೀರ್ಯಾಣುಗಳ ಎಣಿಕೆ ನೋಡಿ ಎದೆಗುಂದುವುದು ಬೇಡ. ಮೂರು ತಿಂಗಳು ಬಿಟ್ಟು ಮಾಡಿಸಿ, ಕಡಿಮೆ ಬಂದರೆ ಇನ್ನೊಮ್ಮೆ ಮಾಡಿಸಿ. ಎರಡೂ ಬದಿ ಊದಿದ್ದವರು ಮಾತ್ರ ಇದನ್ನು ತಪ್ಪಿಸಲೇಬಾರದು. ಎಣಿಕೆ ತೀರಾ ಕಡಿಮೆ ಇದ್ದರೂ, ಒಂದೇ ವೀರ್ಯಾಣುವನ್ನು ನೇರವಾಗಿ ಅಂಡಾಣುವಿನೊಳಗೆ ಸೇರಿಸುವ ಇಕ್ಸಿ ಚಿಕಿತ್ಸೆ 1992ರಿಂದ ಇದೆ.